ಮಾತು ಬಾರದ ಯಂತ್ರಗಳ ಪಟ್ಟಿ

ಆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಎಕ್ಸ್‌ಚೇಂಜ್ ಅಕ್ಕ ಎಂದು. ಟೆಲಿಫೋನ್ ಎಕ್ಸ್‌ಚೇಂಜನ್ನು ಕಿತ್ತುಹಾಕಿ ಹದಿನೆಂಟು ವರ್ಷವಾಯಿತು. ಅದಿದ್ದ ಕೋಣೆಯಲ್ಲಿ ಈಗ ಗಾಲಿಕುರ್ಚಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಹೆಸರು ಮಾತ್ರ ಅಂಟಿಕೊಂಡು ಉಳಿಯಿತು. ಹೊಸದಾಗಿ ಸೇರಿದ ಡಾಕ್ಟರೊಬ್ಬರು, ಹಳೆಯ ಮಿಕ್ಸಿ ಕೊಟ್ಟರೆ ಹೊಸದು ಕೊಡಿಸುವ ಹೆಂಗಸು ಇರಬೇಕು ಎಂದುಕೊಂಡು ಒಂದು ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ಅವಳ ಕೋಣೆಗೆ ಬಂದದ್ದೂ ಉಂಟು. ಅಕ್ಕ ಅವರಿಗೆ ಬೇಜಾರಾಗದ ಹಾಗೆ ವಿಷಯ ಹೇಳಿ, ಬಂದದ್ದು ಬಂದಿದೆ ಎಂದು ಮಿಕ್ಸಿಯ ಸಡಿಲಾದ ತಂತಿಯನ್ನು ಸರಿಮಾಡಿ ಕಳಿಸಿದ್ದಳು.

ಇಪ್ಪತ್ತೊಂದನೇ ವಯಸ್ಸಿಗೆ ಆಪರೇಟರ್ ಆಗಿ ಸೇರಿದವಳು ಅವಳು. ಕಿವಿಗೆ ಹೆಡ್‌ಫೋನು, ಎದುರಿಗೆ ದೀಪಗಳ ಹಲಗೆ. ಮುನ್ನೂರ ನಲವತ್ತು ಒಳನಂಬರುಗಳು ಅವಳ ನಾಲಿಗೆಯ ತುದಿಯಲ್ಲೇ ಇದ್ದವು. ಎಕ್ಸ್‌ಚೇಂಜ್ ಹೋಗಿ ಕಂಪ್ಯೂಟರಿನ ತಂತಿಗಳು ಬಂದಾಗ ಜೊತೆಯ ಆಪರೇಟರುಗಳಿಬ್ಬರು ಕಡತದ ಕೋಣೆಗೆ ಹೋಗಿ ಕುಳಿತರು. ಇವಳು ಮಾತ್ರ ತಂತಿ ಎಳೆಯಲು ಬಂದವರ ಹಿಂದೆಯೇ ಸುತ್ತಿದಳು. ಮೊದಲ ವಾರ ಅವರು ನಕ್ಕರು. ಎರಡನೇ ವಾರ ಇಕ್ಕಳ ಕೊಟ್ಟರು. ತಿಂಗಳು ಕಳೆಯುವಷ್ಟರಲ್ಲಿ ಎಂಟು ಬಣ್ಣದ ಎಳೆಗಳನ್ನು ತಪ್ಪಿಲ್ಲದೆ ಜೋಡಿಸಿ ತುದಿ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಅವರಲ್ಲೇ ಯಾರೂ ಇರಲಿಲ್ಲ.

ಅದೇ ವರ್ಷ ಅವಳ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಅತ್ತೆ ಸೊಸೆ ಇಬ್ಬರೇ ಒಂದು ಸೂರಿನ ಕೆಳಗೆ ಒಂದು ವಾರವೂ ಇರಲಾರರು ಎಂದು ನೆಂಟರು ಮಾತಾಡಿಕೊಂಡರು. ವಾರಗಳು ಹೋಗಿ ವರ್ಷಗಳಾದವು. ಅತ್ತೆಗೆ ಈಗ ಎಂಬತ್ತೊಂದು. ಎಡಗಿವಿ ಕೇಳುವುದಿಲ್ಲ, ಬಲಗಿವಿಗೆ ಕೇಳಬಾರದ್ದೂ ಕೇಳುತ್ತದೆ. ಸೊಸೆ ಬಾಗಿಲು ದಾಟಿದ ಸದ್ದಿನಿಂದಲೇ ಅವಳ ಆ ದಿನದ ಮನಸ್ಸು ಹೇಗಿದೆ ಎಂದು ಹೇಳಬಲ್ಲರು.

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಅಕ್ಕನ ಕೆಲಸದಲ್ಲಿ ದೊಡ್ಡ ತಿರುವು ತಂದವನು ಒಬ್ಬ ರೋಗಿಯ ಭಾವಮೈದುನ. ಭಾವನ ಆಪರೇಷನ್ ಮುಗಿಯುವ ತನಕ ಹೊತ್ತು ಹೋಗಬೇಕಲ್ಲ ಎಂದು ಅವನು ಮನೆಯಿಂದ ವೈಫೈ ಪೆಟ್ಟಿಗೆಯೊಂದನ್ನು ತಂದು, ಕಾಯುವ ಹಜಾರದ ಗೋಡೆಯ ನೆಟ್‌ವರ್ಕ್ ಸಾಕೆಟ್ಟಿಗೆ ಚುಚ್ಚಿ, ಹಾಯಾಗಿ ಮ್ಯಾಚು ನೋಡುತ್ತ ಕುಳಿತ. ಆ ಪೆಟ್ಟಿಗೆ ಸುಮ್ಮನೆ ಕೂರಲಿಲ್ಲ. ನೆಟ್‌ವರ್ಕಿನ ಯಜಮಾನ ತಾನೇ ಎಂಬ ಹಾಗೆ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ತಪ್ಪು ವಿಳಾಸಗಳನ್ನು ಹಂಚತೊಡಗಿತು. ರಕ್ತಪರೀಕ್ಷೆಯ ವರದಿಗಳು ಎರಡೂವರೆ ಗಂಟೆ ವಾರ್ಡುಗಳನ್ನು ತಲುಪಲಿಲ್ಲ. ನರ್ಸುಗಳು ಚೀಟಿ ಹಿಡಿದು ಮೆಟ್ಟಿಲು ಹತ್ತಿ ಇಳಿದರು. ಅಕ್ಕ ಒಂದೊಂದೇ ನೆಟ್‌ವರ್ಕ್ ಸ್ವಿಚ್ ನೋಡುತ್ತ ಬಂದು ಕೊನೆಗೆ ಅವನ ಮುಂದೆ ನಿಂತಳು.

"ಸಾಕೆಟ್ ಖಾಲಿ ಇತ್ತು, ಹಾಕಿದೆ," ಎಂದ ಅವನು ಪಾಪದ ಮುಖ ಮಾಡಿ.

ಅವನದೇನೂ ತಪ್ಪಿಲ್ಲ ಎಂದೇ ಅಕ್ಕ ವರದಿಯಲ್ಲಿ ಬರೆದಳು. ಕಟ್ಟಡದಲ್ಲಿ ಅಂಥ ಸಾಕೆಟ್ಟುಗಳು ಸಾವಿರದ ಮೇಲಿದ್ದವು. ಪ್ರತಿಯೊಂದರ ತಂತಿಯೂ ಆಯಾ ಮಹಡಿಯ ಮೂಲೆಯ ಕಪಾಟಿನೊಳಗಿನ ಸ್ವಿಚ್ ಎಂಬ ಪೆಟ್ಟಿಗೆಗೆ ಹೋಗಿ, ಅದರ ನಲವತ್ತೆಂಟು ಕಿಂಡಿಗಳಲ್ಲಿ ಒಂದಕ್ಕೆ ಸೇರುತ್ತದೆ. ಆ ಕಿಂಡಿಗಳಿಗೆ ಪೋರ್ಟ್ ಎನ್ನುತ್ತಾರೆ. ಯಾರು ಏನನ್ನು ತಂದು ಚುಚ್ಚಿದರೂ ಪೋರ್ಟು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಇನ್ನು ಮುಂದೆ ಹಾಗಿರಬಾರದು ಎಂದು ಆಸ್ಪತ್ರೆಯ ನಿರ್ದೇಶಕಿ ತೀರ್ಮಾನಿಸಿ, ಹೊರಗಿನ ಕಂಪನಿಯಿಂದ ಒಬ್ಬ ಎಂಜಿನಿಯರನ್ನು ಕರೆಸಿ, ಅಕ್ಕನ ಜೊತೆ ಹಾಕಿದರು.

ಅದಾಗಿ ಮೂರು ದಿನಕ್ಕೆ ಅತ್ತೆ ಕೇಳಿಯೇಬಿಟ್ಟರು. ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದರು.

"ಏನೇ ಅದು, ಊಟದ ಹೊತ್ತಲ್ಲೂ ಅದೇ ಕಾಗದ ಹಿಡ್ಕೊಂಡು ಕೂತಿರ್ತೀಯ?"

"ಸ್ವಿಚ್ಚಿಗೆ ಹೊಸ ಪಾಠ ಹೇಳಿಕೊಡ್ತಿದೀವಿ ಅತ್ತೆ. ಇನ್ಮೇಲೆ ಯಾರಾದ್ರೂ ತಂತಿ ಚುಚ್ಚಿದ್ರೆ ಮೊದಲು ನೀನು ಯಾರು ಅಂತ ಕೇಳತ್ತೆ. ಅದಕ್ಕೆ ಸರಿಯಾದ ಉತ್ತರ ಬರೋ ತನಕ ಬೇರೆ ಒಂದು ಮಾತೂ ಪೋರ್ಟ್ ದಾಟೋ ಹಾಗಿಲ್ಲ."

"ಸುಳ್ಳು ಹೇಳಿದ್ರೆ ಅದಕ್ಕೇನು ಗೊತ್ತಾಗತ್ತೆ?"

"ಅದು ತಾನೇ ತೀರ್ಮಾನ ಮಾಡಲ್ಲ. ಬಂದ ಉತ್ತರಾನ ಕೆಳಗಡೆ ಇರೋ ಸರ್ವರಿಗೆ ದಾಟಿಸತ್ತೆ. ನಮ್ಮ ಕಂಪ್ಯೂಟರುಗಳಿಗೆಲ್ಲ ಒಂದೊಂದು ಗುರುತಿನ ಪತ್ರ ಕೊಟ್ಟಿರ್ತೀವಿ, ನಕಲು ಮಾಡೋಕಾಗದಂಥದ್ದು. ಸರ್ವರ್ ಅದನ್ನ ನೋಡಿ ಹೂಂ ಅಂದ್ರೆ ಪೋರ್ಟ್ ತೆಗೆಯತ್ತೆ. ಊಹೂಂ ಅಂದ್ರೆ ಇಲ್ಲ. ಹೊರಗಿನೋರಿಗೆ ಇಂಟರ್ನೆಟ್ ಮಾತ್ರ ಸಿಗೋ ಹಾಗೆ ಬೇರೆ ದಾರಿ."

ಅತ್ತೆ ಎರಡು ಹುರುಳಿಕಾಯಿ ಮುಗಿಸುವಷ್ಟು ಹೊತ್ತು ಯೋಚಿಸಿದರು. "ಮಾತು ಬಾರದೋವು ಏನು ಮಾಡ್ತವೆ?"

ಅಕ್ಕ ಕಾಗದ ಕೆಳಗಿಟ್ಟಳು. ಮೂರು ದಿನದಿಂದ ಅವಳ ತಲೆ ತಿನ್ನುತ್ತಿದ್ದದ್ದು ಅದೇ. ಕಂಪ್ಯೂಟರು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಹಳೆಯ ಪ್ರಿಂಟರು, ಹೃದಯದ ಬಡಿತ ಅಳೆಯುವ ಯಂತ್ರ, ರಕ್ತ ಪರೀಕ್ಷಿಸುವ ಯಂತ್ರ, ಇವಕ್ಕೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅಂಥವಕ್ಕೆ ಇರುವುದು ಒಂದೇ ಉಪಾಯ. ಪ್ರತಿ ಯಂತ್ರಕ್ಕೂ ಹುಟ್ಟುವಾಗಲೇ ಹಾಕಿದ ಹನ್ನೆರಡು ಅಕ್ಷರದ ಗುರುತೊಂದು ಇರುತ್ತದೆ. ಸ್ವಿಚ್ಚು ಮೂರು ಸಲ ಕೇಳಿ, ಉತ್ತರ ಬಾರದೆ ಹೋದರೆ, ಆ ಗುರುತು ಪಟ್ಟಿಯಲ್ಲಿದೆಯೇ ಎಂದು ಸರ್ವರನ್ನು ವಿಚಾರಿಸಿ, ಇದ್ದರೆ ಒಳಗೆ ಬಿಡುತ್ತದೆ. ಆದರೆ ಆ ಗುರುತನ್ನು ಯಾರಾದರೂ ಕದ್ದು ಹಾಕಿಕೊಳ್ಳಬಹುದು. ಆದ್ದರಿಂದ ಪಟ್ಟಿಯ ಯಂತ್ರಗಳಿಗೆ ತಮ್ಮ ಕೆಲಸಕ್ಕೆ ಬೇಕಾದ ಒಂದೆರಡು ಕಡೆ ಬಿಟ್ಟರೆ ಬೇರೆಲ್ಲಿಗೂ ಹೋಗಲು ಬಿಡುವುದಿಲ್ಲ.

"ಪಟ್ಟಿ ಬರೆಯೋರು ಯಾರು?" ಎಂದರು ಅತ್ತೆ.

"ನಾನೇ."

"ಹಾಗಾದ್ರೆ ಕನ್ನಡಕ ಬದಲಾಯಿಸು. ನಿನ್ನೆ ಸಕ್ಕರೆ ಡಬ್ಬೀಲಿ ಉಪ್ಪು ತುಂಬಿದೀಯ."

ಅಕ್ಕ ಕನ್ನಡಕ ಬದಲಾಯಿಸಿದಳು. ಎರಡು ತಿಂಗಳು ಗೆರೆ ಹಾಕಿದ ಪುಸ್ತಕ ಹಿಡಿದು ವಾರ್ಡು ವಾರ್ಡು ತಿರುಗಿದಳು. ಯಂತ್ರಗಳ ಬೆನ್ನ ಹಿಂದಿನ ಚೀಟಿ ಓದಲು ಮಂಚದಡಿ ತೂರಿದಳು, ಪ್ರಿಂಟರುಗಳನ್ನು ಮಗುಚಿದಳು. ರೋಗಿಗಳು ಅವಳನ್ನು ಸೊಳ್ಳೆ ಔಷಧಿ ಹೊಡೆಯುವವಳು ಎಂದುಕೊಂಡರು. ತುರ್ತು ವಿಭಾಗದ ಕಾಫಿ ಯಂತ್ರಕ್ಕೂ ನೆಟ್‌ವರ್ಕಿನ ತಂತಿ ಇರುವುದು ಗೊತ್ತಾಯಿತು. ಪುಡಿ ಮುಗಿಯುತ್ತ ಬಂದರೆ ಅದು ತನ್ನ ಕಂಪನಿಗೆ ಸುದ್ದಿ ಕಳಿಸುತ್ತಿತ್ತು.

"ಇದೂ ಪಟ್ಟಿಗೆ ಬೇಕಾ ಮೇಡಂ?" ಎಂದು ಎಂಜಿನಿಯರು ನಕ್ಕ. ನಲವತ್ತರ ಹತ್ತಿರದವನು, ಬೋಳುತಲೆ, ಮಾತಿಗೆ ಮೊದಲೇ ಕೀಲಿಮಣೆಯ ಮೇಲೆ ಬೆರಳಾಡಿಸುವ ಸ್ವಭಾವ.

"ಅದನ್ನ ಬಿಟ್ರೆ ತುರ್ತು ವಿಭಾಗದೋರು ನಮ್ಮನ್ನ ಒಳಗೆ ಬಿಡಲ್ಲ. ಬರ್ಕೊಳ್ಳಿ."

ಪಟ್ಟಿ ಮುನ್ನೂರ ಎಂಬತ್ತಾರಕ್ಕೆ ನಿಂತಿತು. ಎಂಜಿನಿಯರಿಗೆ ಕೆಲಸ ಮುಗಿಸುವ ಆತುರ. "ಭಾನುವಾರ ಆನ್ ಮಾಡಿಬಿಡೋಣ. ಯಾವುದು ಸಾಯತ್ತೋ ಅವರೇ ಫೋನ್ ಮಾಡಿ ಹೇಳ್ತಾರೆ," ಎಂದ.

"ಇಲ್ಲಿ ಸಾಯತ್ತೆ ಅನ್ನೋ ಮಾತನ್ನ ಹಾಗೆ ಆಡಬಾರದು," ಎಂದಳು ಅಕ್ಕ.

ಅವಳು ಹಿಡಿದ ಹಟವೆಂದರೆ, ಮೊದಲು ಸ್ವಿಚ್ಚುಗಳು ಕೇಳಲಿ, ಬರೆದುಕೊಳ್ಳಲಿ, ಆದರೆ ಯಾರನ್ನೂ ತಡೆಯದಿರಲಿ ಎಂದು. ಐದು ವಾರ ಹಾಗೆಯೇ ನಡೆಯಿತು. ಪ್ರತಿದಿನ ಬೆಳಿಗ್ಗೆ ಇಬ್ಬರೂ ದಾಖಲೆ ತೆರೆದು, ಉತ್ತರವನ್ನೂ ಕೊಡದೆ ಪಟ್ಟಿಯಲ್ಲೂ ಇಲ್ಲದೆ ಒಳಗೆ ನುಸುಳಿದವು ಯಾವುವೆಂದು ಹುಡುಕಿದರು. ಎಪ್ಪತ್ತಮೂರು ಸಿಕ್ಕವು. ಮೂರನೇ ವಾರದ ಹೊತ್ತಿಗೆ ಎಂಜಿನಿಯರು ಮೇಡಂ ಬಿಟ್ಟು ಅಕ್ಕ ಎನ್ನತೊಡಗಿದ್ದ. ಅವಳೂ ನೀವು ಬಿಟ್ಟು ನೀನು ಎಂದಿದ್ದಳು. ಕೊನೆಯ ಐದು ದಿನ ಹೊಸದೊಂದೂ ಕಾಣಿಸಲಿಲ್ಲ. ಆಗಷ್ಟೇ ಅಕ್ಕ ಸರಿ ಎಂದಳು.

ನಿಜವಾಗಿ ತಡೆಯಲು ತೊಡಗಿದ್ದು ಒಂದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ. ಎಲ್ಲರೂ ಕೆಲಸದಲ್ಲಿರುವ ಹೊತ್ತೇ ಒಳ್ಳೆಯದೆಂದು ಅಕ್ಕನೇ ಆರಿಸಿದ್ದಳು. ಮಹಡಿಯ ಮೇಲೆ ಮಹಡಿ, ಅರ್ಧ ಗಂಟೆಗೊಂದರಂತೆ ಆನ್ ಮಾಡುತ್ತ ಹೋದರು. ಹನ್ನೊಂದು ಗಂಟೆಗೆ ಎಲ್ಲ ಮುಗಿದು, ಒಂದೂ ದೂರು ಬಾರದೆ, ಎಂಜಿನಿಯರು ಕಾಫಿ ತರಲು ಏಳುವುದಕ್ಕೂ ದೊಡ್ಡ ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಅವರು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು. ಕಂಕುಳಲ್ಲಿ ಲ್ಯಾಪ್‌ಟಾಪು.

"ನನ್ನನ್ನೇ ಯಾರು ಅಂತ ಕೇಳತ್ತಾ ನಿಮ್ಮ ಪೆಟ್ಟಿಗೆ? ಈ ಕಟ್ಟಡಕ್ಕೆ ಅಡಿಪಾಯ ಹಾಕಿದಾಗಿಂದ ಇದೀನಿ ನಾನು."

"ನಿಮ್ಮನ್ನಲ್ಲ ಡಾಕ್ಟ್ರೇ, ನಿಮ್ಮ ಲ್ಯಾಪ್‌ಟಾಪನ್ನ. ಇದು ನಿಮ್ಮ ಸ್ವಂತದ್ದು. ಗುರುತಿನ ಪತ್ರ ಹಾಕಿಸಿಕೊಳ್ಳಿ ಅಂತ ನಾಲ್ಕು ಸಲ ಚೀಟಿ ಕಳಿಸಿದ್ದೆ."

"ಚೀಟಿ ಓದ್ತಾ ಕೂರೋಕೆ ನನಗೆಲ್ಲಿ ಪುರಸೊತ್ತು. ನನ್ನ ಕೋಣೆ ಪೋರ್ಟ್ ಒಂದು ತೆಗೆದುಬಿಡಿ. ಏನು ಮುಳುಗಿಹೋಗತ್ತೆ?"

"ತೆಗೆದ್ರೆ ನಿಮಗೊಬ್ಬರಿಗೇ ತೆಗೆದ ಹಾಗಾಗಲ್ಲ. ನೀವು ಎದ್ದು ಹೋದ ಮೇಲೂ ಅದು ತೆಗೆದೇ ಇರತ್ತೆ. ಹನ್ನೆರಡು ನಿಮಿಷ ಕೊಡಿ, ಪತ್ರ ಹಾಕಿಕೊಡ್ತೀನಿ. ಕೂತ್ಕೊಳ್ಳಿ."

ಡಾಕ್ಟರಿಗೆ ಆಗುವುದಿಲ್ಲ ಎಂದು ಹೇಳಿಸಿಕೊಂಡು ಅಭ್ಯಾಸವಿರಲಿಲ್ಲ. ಆದರೂ ಕುಳಿತರು, ಅದೂ ಅಕ್ಕನ ಕುರ್ಚಿಯಲ್ಲೇ, ಮುಖ ಗಂಟಿಕ್ಕಿಕೊಂಡು. ಅಕ್ಕ ನಿಂತುಕೊಂಡೇ ಕೆಲಸ ಶುರುಮಾಡಿದಳು. ಇನ್ನೂ ಅರ್ಧವೂ ಆಗಿರಲಿಲ್ಲ, ಫೋನು ಬಂತು. ನವಜಾತ ಶಿಶುಗಳ ವಾರ್ಡಿನ ಹೆಡ್ ಸಿಸ್ಟರ್. ಹೆದರಿದಾಗ ಮಾತು ನಿಧಾನವಾಗುವ ಹೆಂಗಸು ಅವರು. ಆಗ ಬಹಳ ನಿಧಾನವಾಗಿ ಮಾತಾಡುತ್ತಿದ್ದರು.

"ಅಕ್ಕಾ, ಮೂರನೇ ತೊಟ್ಟಿಲಿನ ಮಾನಿಟರ್ ನಮ್ಮ ಮೇಜಿನ ಪರದೆ ಮೇಲೆ ಬರ್ತಿಲ್ಲ. ಯಂತ್ರ ಓಡ್ತಿದೆ, ಮಗೂನೂ ಚೆನ್ನಾಗಿದೆ. ಪಕ್ಕದಲ್ಲೇ ನಿಂತಿದೀನಿ. ಆದ್ರೆ ಇಲ್ಲಿ ಏಳು ಮಕ್ಕಳು, ನಾವು ಇಬ್ಬರು. ಎಷ್ಟು ಹೊತ್ತು ಅಂತ ಒಂದೇ ಕಡೆ ನಿಲ್ಲಲಿ?"

"ಬೆಳಿಗ್ಗೆ ಬರ್ತಿತ್ತಲ್ಲ ಸಿಸ್ಟರ್?"

"ಅದು ಈಗ ಕೆಟ್ಟುಹೋಯ್ತು. ಇದು ಬೀರುವಿನಲ್ಲಿಟ್ಟಿದ್ದ ಸ್ಪೇರ್. ಈಗ ತಾನೇ ತಂದು ಹಾಕಿದ್ವಿ."

ಬೀರುಗಳನ್ನು ಅಕ್ಕ ತೆರೆಸಿ ನೋಡಿರಲಿಲ್ಲ. ಎರಡು ತಿಂಗಳು ಬರೆದದ್ದು ಕಣ್ಣಿಗೆ ಬಿದ್ದವುಗಳನ್ನು, ಐದು ವಾರ ಹುಡುಕಿದ್ದು ತಂತಿಗೆ ಅಂಟಿಕೊಂಡವುಗಳನ್ನು. ಬೀಗದೊಳಗೆ ಸುಮ್ಮನೆ ಕುಳಿತ ಯಂತ್ರ ಯಾವ ದಾಖಲೆಗೂ ಬಂದಿರಲಿಲ್ಲ.

ಎಂಜಿನಿಯರು ಪರದೆಯ ಮುಂದೆ ಕುಳಿತಿದ್ದ. ಅಕ್ಕ ಪುಸ್ತಕ ನೋಡಲಿಲ್ಲ.

"ನಾಲ್ಕನೇ ಮಹಡಿ, ಎರಡನೇ ಸ್ವಿಚ್, ಹದಿನೇಳನೇ ಪೋರ್ಟ್. ಕೇಳೋದನ್ನ ನಿಲ್ಲಿಸು. ಪೂರ್ತಿ ತೆಗಿ."

"ಅಕ್ಕ, ಹಾಗೆ ತೆಗೆಯೋಕೆ ನಿರ್ದೇಶಕಿ ಸಹಿ ಬೇಕು ಅಂತ ನಾವೇ ನಿಯಮ…"

"ನನ್ನ ಹೆಸರು ಬರ್ಕೋ. ಟೈಮ್ ಬರ್ಕೋ. ಮೊದಲು ತೆಗಿ."

ಅವನು ತೆಗೆದ. ಆಮೇಲೆ ಸಿಸ್ಟರ್, "ಬಂತು ಅಕ್ಕ. ಪರದೆ ಮೇಲೆ ಬಂತು," ಎಂದು ಉಸಿರು ಬಿಟ್ಟರು.

ಕುರ್ಚಿಯಲ್ಲಿದ್ದ ಡಾಕ್ಟರು ಇದನ್ನೆಲ್ಲ ನೋಡುತ್ತಿದ್ದರು. "ನಾನು ಕೇಳಿದಾಗ ಆಗಲ್ಲ ಅಂದ್ರಿ," ಎಂದರು.

"ನಿಮಗೆ ಬಾಯಿದೆ ಡಾಕ್ಟ್ರೇ. ಅದಕ್ಕಿಲ್ಲ."

ಡಾಕ್ಟರು ನಗಲಿಲ್ಲ. ಹಾಗೆಂದು ಜಗಳವನ್ನೂ ಮುಂದುವರಿಸಲಿಲ್ಲ. ಅಕ್ಕ ಮೆಟ್ಟಿಲ ಕಡೆ ಓಡಿದಾಗ ಅವರೂ ಹಿಂದೆಯೇ ಬಂದರು.

ವಾರ್ಡಿನಲ್ಲಿ ಅಕ್ಕ ಮಾಡಿದ ಮೊದಲ ಕೆಲಸ, ಮೂರನೇ ತೊಟ್ಟಿಲಿನ ಪಕ್ಕದ ಸಾಕೆಟ್ಟಿನ ಮುಂದೆ ನಿಂತದ್ದು. ಈಗ ಆ ಪೋರ್ಟು ಯಾರನ್ನೂ ಏನನ್ನೂ ಕೇಳದೆ ತೆರೆದುಕೊಂಡಿತ್ತು. ಸ್ವಿಚ್ಚು ಕೇಳದಿದ್ದರೆ ತಾನಾದರೂ ನೋಡುತ್ತಿರಬೇಕು ಎಂದು ಅವಳ ಲೆಕ್ಕ. ಅಲ್ಲಿಂದಲೇ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, ಯಂತ್ರದ ಬೆನ್ನಿನ ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಎಂಜಿನಿಯರಿಗೆ ಫೋನಿನಲ್ಲಿ ಓದಿ ಹೇಳಿದಳು. ಹತ್ತು ಅಕ್ಷರಕ್ಕೆ ಮಾತು ನಿಂತಿತು. ವರ್ಷಗಟ್ಟಲೆ ಒರೆಸಿ ಒರೆಸಿ ಕೊನೆಯ ಎರಡು ಅಳಿಸಿಹೋಗಿದ್ದವು.

"ದಾಖಲೇಲಿ ಇದೆ ಅಕ್ಕ. ಪೋರ್ಟ್ ತೆಗೆಯೋಕೆ ಮುಂಚೆ ಆರು ಸಲ ಬಂದು ವಾಪಸ್ಸಾಗಿದೆ ಪಾಪ. ನೀವು ಹೇಳಿದ ಹತ್ತೂ ಸರಿ ಇದೆ. ಕೊನೇದು ಏಳು, ಬಿ. ಪಟ್ಟಿಗೆ ಹಾಕಿದೆ. ಪೋರ್ಟ್ ಮತ್ತೆ ಮುಚ್ಚಿ ಪರೀಕ್ಷೆ ಮಾಡ್ಲಾ?"

"ತಡಿ." ಅಕ್ಕ ಸಿಸ್ಟರ್ ಕಡೆ ತಿರುಗಿದಳು. "ಒಂದು ನಿಮಿಷ ಪರದೆ ಹೋಗತ್ತೆ. ಮಗು ಹತ್ತಿರ ಯಾರಾದ್ರೂ ಇರಬೇಕು."

ಸಿಸ್ಟರ್ ಬಾಯಿ ತೆರೆಯುವ ಮುಂಚೆಯೇ ದೊಡ್ಡ ಡಾಕ್ಟರು ಕೈ ತೊಳೆದುಕೊಂಡು ಬಂದು ತೊಟ್ಟಿಲಿನ ಪಕ್ಕ ನಿಂತರು. ಮಗು ಒಂದು ಮೊಳದಷ್ಟೂ ಉದ್ದವಿರಲಿಲ್ಲ. ಅವರು ಕೈಗಡಿಯಾರ ನೋಡುತ್ತ, ತುಟಿಯಾಡಿಸುತ್ತ, ಅದರ ಉಸಿರು ಎಣಿಸತೊಡಗಿದರು.

"ಮಾಡು," ಎಂದಳು ಅಕ್ಕ ಫೋನಿಗೆ.

ಮೇಜಿನ ಪರದೆಯಲ್ಲಿ ಮೂರನೆಯ ಗೆರೆ ಇಲ್ಲವಾಯಿತು. ಸ್ವಿಚ್ಚು ಕೇಳಿತು, ಯಂತ್ರಕ್ಕೆ ಅರ್ಥವಾಗಲಿಲ್ಲ. ಮತ್ತೆ ಕೇಳಿತು. ಮೂರನೇ ಸಲಕ್ಕೆ ಅಕ್ಕ ಕಾದಳು. ತಂತ್ರಾಂಶದಲ್ಲಿ ಬರೆದಿಟ್ಟ ಮೂವತ್ತು ಸೆಕೆಂಡು ಇಷ್ಟು ಉದ್ದವಿರುತ್ತದೆ ಎಂದು ಅವಳಿಗೆ ಆ ತನಕ ತಿಳಿದಿರಲಿಲ್ಲ. ಆಮೇಲೆ ಪರದೆಯ ಮೇಲೆ ಮೂರನೆಯ ಗೆರೆ ಮೂಡಿ, ಏರಿ, ಇಳಿದು, ಓಡತೊಡಗಿತು.

"ಇಪ್ಪತ್ತೆರಡು," ಎಂದರು ಡಾಕ್ಟರು. "ಅರ್ಧ ನಿಮಿಷಕ್ಕೆ. ಚೆನ್ನಾಗಿ ಉಸಿರಾಡ್ತಿದಾಳೆ." ಆಮೇಲೆ ಅಕ್ಕನ ಮುಖ ನೋಡಿ, "ನೀವು ಕೂತ್ಕೊಳ್ಳಿ ಸ್ವಲ್ಪ," ಎಂದು ತಾವೇ ಸ್ಟೂಲು ಎಳೆದುಕೊಟ್ಟರು. ಲ್ಯಾಪ್‌ಟಾಪಿನ ಮಾತು ಮಧ್ಯಾಹ್ನದವರೆಗೆ ಎತ್ತಲಿಲ್ಲ. ಎತ್ತಿದಾಗಲೂ, ಪುರಸೊತ್ತಾದಾಗ ಮಾಡಿ ಎಂದರು.

ಆ ದಿನದ ವರದಿ ಬರೆಯುವಾಗ ಎಂಜಿನಿಯರು ಒಳ್ಳೆಯ ಮನಸ್ಸಿನಿಂದಲೇ ಒಂದು ವಾಕ್ಯ ಸೂಚಿಸಿದ. ಉಪಕರಣದ ಅನಿರೀಕ್ಷಿತ ಬದಲಾವಣೆಯಿಂದ ಉಂಟಾದ ಅಡಚಣೆ, ಎಂದು. ಅಕ್ಕ ಅದನ್ನು ಓದಿ, ಅಳಿಸಿ, ಬರೆದಳು: ಬೀಗ ಹಾಕಿದ ಬೀರುಗಳನ್ನು ನಾನು ತೆರೆಸಿ ನೋಡಲಿಲ್ಲ. ಸಹಿಯಿಲ್ಲದೆ ಪೋರ್ಟ್ ತೆಗೆಸಿದ್ದೂ ನಾನೇ.

ನಿರ್ದೇಶಕಿ ಕರೆಸಿ ಕೇಳಿದ್ದು ಒಂದೇ ಮಾತು. "ಇನ್ನೊಮ್ಮೆ ಹೀಗಾದ್ರೆ ಏನು ಮಾಡ್ತೀರಿ?"

"ಹೀಗೇ ಮಾಡ್ತೀನಿ ಮೇಡಂ. ಅದಕ್ಕೇ ನಿಯಮ ಬದಲಾಯಿಸಿ ಅಂತ ಕೇಳೋಕೆ ಬಂದೆ."

ಬದಲಾಯಿತು. ರೋಗಿಗೆ ತಗುಲಿಸಿದ ಯಂತ್ರವಾದರೆ ವಾರ್ಡಿನ ಸಿಸ್ಟರ್ ಫೋನಿನಲ್ಲೇ ಹೇಳಿ ಪೋರ್ಟು ತೆಗೆಸಬಹುದು. ಹೇಳಿದವರ ಹೆಸರು, ಸಮಯ ದಾಖಲಾಗಬೇಕು. ಗುರುತು ಪಟ್ಟಿ ಸೇರಿ ಪೋರ್ಟು ಮತ್ತೆ ಮುಚ್ಚುವ ತನಕ ಒಬ್ಬರು ಆ ಸಾಕೆಟ್ಟಿನ ಹತ್ತಿರ ಇರಬೇಕು. ಮುಂದಿನ ಎರಡು ದಿನ ಅಕ್ಕ ಬೀಗದ ಕೈಗೊಂಚಲು ಹಿಡಿದು ಕಟ್ಟಡದ ಬೀರುಗಳನ್ನೆಲ್ಲ ತೆರೆಸಿದಳು. ಇಪ್ಪತ್ತೊಂಬತ್ತು ಯಂತ್ರಗಳು ಸಿಕ್ಕವು. ಒಂದರೊಳಗೆ ಇಲಿ ಸಂಸಾರ ಹೂಡಿತ್ತು. ಅದನ್ನು ಪಟ್ಟಿಗೆ ಸೇರಿಸಲಿಲ್ಲ.

ಆದರೆ ಆ ಮಂಗಳವಾರ ಸಂಜೆ ಮನೆಗೆ ಹೋದಾಗ ಇದಾವುದೂ ಆಗಿರಲಿಲ್ಲ. ಅತ್ತೆ ಚಪ್ಪಲಿಯ ಸದ್ದು ಕೇಳಿ ರೇಡಿಯೋ ಆರಿಸಿದರು. ಅಕ್ಕ ಎಲ್ಲವನ್ನೂ ಹೇಳಿದಳು.

"ಮಗು ಹೇಗಿದೆ?"

"ಚೆನ್ನಾಗಿದೆ."

"ಮತ್ತೆ ಯಾಕೆ ಹೀಗೆ ಕೂತಿದೀಯ?"

"ನಾನೇ ಮರೆತಿದ್ದು ಅತ್ತೆ. ಅಷ್ಟು ತಿರುಗಿದೀನಿ, ಒಂದು ಬೀರು ಬಾಗಿಲು ತೆಗೆಸಬೇಕು ಅನ್ನೋದು ಹೊಳೀಲಿಲ್ಲ."

ಅತ್ತೆ ಸ್ವಲ್ಪ ಹೊತ್ತು ಮೇಜಿನ ಬಟ್ಟೆಯ ಸುಕ್ಕು ಸರಿಮಾಡಿದರು. "ನಿನ್ನ ಗಂಡನ್ನ ಎರಡು ವರ್ಷದವನಿದ್ದಾಗ ಬಟ್ಟೆ ಅಂಗಡೀಲಿ ಮರೆತು ಬಂದಿದ್ದೆ ನಾನು," ಎಂದರು.

ಅಕ್ಕ ತಲೆಯೆತ್ತಿದಳು. ಮೂವತ್ತು ವರ್ಷದಲ್ಲಿ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

"ಎರಡು ಬೀದಿ ದಾಟಿದ ಮೇಲೆ ಕೈ ಹಗುರ ಅನ್ನಿಸ್ತು. ಚೀಲ ಇದೆ, ಕೊಡೆ ಇದೆ, ಮಗು ಇಲ್ಲ. ಓಡಿದೆ ನೋಡು, ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಹೋದ್ರೆ ಅಂಗಡಿಯವನ ಮೇಜಿನ ಮೇಲೆ ಅಳತೆ ಟೇಪು ಮೈಗೆಲ್ಲ ಸುತ್ಕೊಂಡು ಕೂತಿದಾನೆ. ನನ್ನ ನೋಡಿ ನಕ್ಕ. ನಾನು ಅಲ್ಲೇ ಕೂತು ಅತ್ತುಬಿಟ್ಟೆ."

"ಇಷ್ಟು ವರ್ಷ ನನಗೆ ಹೇಳಲೇ ಇಲ್ಲ ನೀವು."

"ಹೇಳ್ಕೊಳ್ಳೋ ಅಂಥ ವಿಷಯಾನಾ ಅದು? ಅವನಿಗೂ ಹೇಳಿರಲಿಲ್ಲ. ಎದ್ದೇಳು, ಮುಖ ತೊಳ್ಕೊಂಡು ಬಾ. ಅನ್ನ ಆರತ್ತೆ."

ಅಕ್ಕ ಎದ್ದಳು. ಮುಖ ತೊಳೆಯುವಾಗ, ಟೇಪು ಸುತ್ತಿಕೊಂಡ ಎರಡು ವರ್ಷದ ಗಂಡ ಕಣ್ಣಿಗೆ ಕಟ್ಟಿ, ಅಳುವುದೋ ನಗುವುದೋ ತಿಳಿಯದೆ ನಲ್ಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಕೊಂಡು ನಿಂತಳು. ಒಳಗಿನಿಂದ ಅತ್ತೆ, ನೀರು ಪೋಲಾಗುತ್ತಿದೆ ಎಂದು ಕೂಗಿದರು.

ಹನ್ನೊಂದು ದಿನ ಕಳೆದು, ಅಕ್ಕ ಏಣಿ ಹಿಡಿದುಕೊಂಡು ಐದನೇ ಮಹಡಿಯಿಂದ ಕೆಳಗಿಳಿಯುತ್ತಿದ್ದಾಗ ನಾಲ್ಕರಲ್ಲಿ ಲಿಫ್ಟು ನಿಂತಿತು. ಎಳೆಯ ದಂಪತಿ ಒಳಗೆ ಬಂದರು. ಗಂಡನ ಎರಡೂ ಕೈಯಲ್ಲಿ ಚೀಲಗಳು, ಹೆಂಡತಿಯ ತೋಳಿನಲ್ಲಿ ಬಿಳಿ ಬಟ್ಟೆಯ ಒಂದು ಪುಟ್ಟ ಗಂಟು. ಹಿಂದೆ ಬೀಳ್ಕೊಡಲು ಬಂದ ಹೆಡ್ ಸಿಸ್ಟರ್, ಅವರ ತಲೆಯ ಮೇಲಿಂದ ಅಕ್ಕನಿಗೆ ಮೂರು ಬೆರಳು ತೋರಿಸಿದರು.

"ಅಕ್ಕ, ಆ ಏಣಿ ಸ್ವಲ್ಪ ಆ ಕಡೆ ಮಾಡ್ತೀರಾ? ಮಗು ಇದೆ," ಎಂದಳು ತಾಯಿ.

"ಮಾಡ್ತೀನಮ್ಮ," ಎಂದು ಅಕ್ಕ ಏಣಿಯನ್ನು ಮೂಲೆಗೆ ಒತ್ತಿ, ತಾನೂ ಅದರ ಜೊತೆ ಗೋಡೆಗೆ ಒತ್ತಿ ನಿಂತಳು. ಬಟ್ಟೆಯ ಅಂಚಿನಿಂದ ಒಂದು ಮೂಗು, ಮುಚ್ಚಿದ ಎರಡು ಕಣ್ಣು ಕಾಣಿಸುತ್ತಿದ್ದವು. ಮಗು ಒಂದು ಸಲ ಆಕಳಿಸಿತು. ನೆಲಮಹಡಿ ಬಂದಾಗ ಅವರು ಬಾಗಿಲಿನ ಬೆಳಕಿನ ಕಡೆ ನಡೆದುಹೋದರು. ಅಕ್ಕ ಅಲ್ಲಿ ಇಳಿಯಬೇಕಾಗಿರಲಿಲ್ಲ. ಎರಡನೇ ಮಹಡಿಯಲ್ಲಿ ಇಳಿಯಬೇಕಿತ್ತು. ಗುಂಡಿ ಒತ್ತಿ ಮತ್ತೆ ಮೇಲೆ ಹೋದಳು.